ನಾಯಿಯೊಡನೆ ಸೇಬಿನ ಬೆಟ್ಟಕ್ಕೆ: ಸೈಡರ್ ಪ್ರವಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಬ್ಬನ್ ಪಾರ್ಕಿನ ನಾಯಿಗಳ ಆವರಣದಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ಓದುಗರ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಹೆಚ್ಚಿನವು ಹಿಮಾಚಲದ ಬಗ್ಗೆ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವವರ ಪ್ರಶ್ನೆಗಳು ಕೊನೆಯಲ್ಲಿವೆ. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಇಟ್ಟಿದ್ದೇನೆ. ರೈಲು, ವಿಮಾನ, ಅಬಕಾರಿ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಟಿಕೆಟ್ ಕೊಳ್ಳುವ ಮೊದಲು ಒಮ್ಮೆ ವಿಚಾರಿಸಿಕೊಳ್ಳಿ.

## ಮೊದಲ ಪ್ರಶ್ನೆಗಳು

ಸೈಡರ್ ಎಂದರೆ ಸೇಬಿನ ಜ್ಯೂಸೋ, ಮದ್ಯವೋ? ನಮ್ಮ ಮನೆಯಲ್ಲಿ ಇದೇ ವಾದ.

ನಮ್ಮಲ್ಲಿ ಮತ್ತು ಇಂಗ್ಲೆಂಡಿನಲ್ಲಿ ಸೈಡರ್ ಎಂದರೆ ಸೇಬಿನ ರಸವನ್ನು ಹುದುಗಿಸಿ ಮಾಡಿದ ಮದ್ಯ. ಅಮೆರಿಕದಲ್ಲಿ ಮಾತ್ರ ಸೋಸದ ತಾಜಾ ರಸಕ್ಕೂ ಸೈಡರ್ ಎನ್ನುತ್ತಾರೆ. ಅಲ್ಲಿ ಮದ್ಯ ಬೇಕಿದ್ದರೆ ‘ಹಾರ್ಡ್ ಸೈಡರ್’ ಎಂದೇ ಕೇಳಬೇಕು. ಅಡುಗೆಮನೆಯಲ್ಲಿರುವ ಆಪಲ್ ಸೈಡರ್ ವಿನೆಗರ್ ಇವೆರಡೂ ಅಲ್ಲ, ಅದು ಮದ್ಯವಾದ ರಸವನ್ನು ಇನ್ನೂ ಮುಂದಕ್ಕೆ ಹುಳಿಸಿದ್ದು.

ಸಾಮಾನ್ಯವಾಗಿ ಸೈಡರಿನ ಮದ್ಯಾಂಶ ಶೇ. 4ರಿಂದ 8. ಬಿಯರಿಗೆ ಹತ್ತಿರ, ವೈನಿಗಿಂತ ಕಡಿಮೆ. ಬಾರ್ಲಿ, ಗೋಧಿ ಬಳಸದ ಕಾರಣ ಗ್ಲುಟನ್ ಒಗ್ಗದವರೂ ಕುಡಿಯಬಹುದು. ಮಧುಮೇಹ ಇರುವವರು ಮಾತ್ರ ಎಚ್ಚರದಿಂದಿರಬೇಕು: ಸಿಹಿ ಸೈಡರಿನಲ್ಲಿ ಸಕ್ಕರೆ ಚೆನ್ನಾಗಿಯೇ ಉಳಿದಿರುತ್ತದೆ.

ಬೆಂಗಳೂರಿನ ಪಬ್‌ಗಳಲ್ಲೇ ಸೈಡರ್ ಸಿಗುತ್ತದಲ್ಲ. ಅಷ್ಟು ದೂರ ಯಾಕೆ ಹೋಗಬೇಕು?

ಕುಡಿಯುವುದಷ್ಟೇ ಉದ್ದೇಶವಾದರೆ ಹೋಗಬೇಕಿಲ್ಲ. ಸೇಬಿನ ಮರ ಬೆಂಗಳೂರಿನ ಹವೆಯಲ್ಲಿ ಬದುಕಬಲ್ಲದು. ರೋಮ್ ಬ್ಯೂಟಿ ಎಂಬ ತಳಿಯನ್ನು ಹಿಂದೆ ಇಲ್ಲಿ ಬೆಳೆಯುತ್ತಿದ್ದರು. ಆದರೆ ಒಳ್ಳೆಯ ಸೇಬಿಗೆ ಚಳಿಗಾಲದ ನಿದ್ರೆ ಬೇಕು. ಡೆಲಿಶಿಯಸ್ ಜಾತಿಯ ಮರಗಳು 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಸಾವಿರ ಗಂಟೆಯ ಆಸುಪಾಸು ಕಳೆದರೆ ಮಾತ್ರ ವಸಂತದಲ್ಲಿ ಸರಿಯಾಗಿ ಹೂ ಬಿಡುತ್ತವೆ. ಆ ಚಳಿ, ಆ ಇಳಿಜಾರು, ಆ ಮರದ ಕೆಳಗೇ ಹಣ್ಣು ಹಿಂಡುವ ಕೆಲಸ ಇವನ್ನೆಲ್ಲ ನೋಡುವ ಆಸೆ ಇದ್ದವರು ಹೋಗಬೇಕು. ಜೊತೆಯಲ್ಲಿ ನಾಯಿ ಇದ್ದರೆ ಒಂದು ಲಾಭವೂ ಉಂಟು: ನೀವು ಅವಸರ ಮಾಡಲಾಗುವುದಿಲ್ಲ.

ಹಿಮಾಚಲದಲ್ಲಿ ಎಲ್ಲಿಗೆ? ಒಂದೇ ಊರಿನ ಹೆಸರು ಹೇಳಿ ಮೇಡಂ.

ಥಾನೇದಾರ್. ಶಿಮ್ಲಾದಿಂದ ನಾರ್ಕಂಡ ದಾರಿಯಲ್ಲಿ ಸುಮಾರು 80 ಕಿಲೋಮೀಟರ್. ಅದಕ್ಕೆ ಅಂಟಿಕೊಂಡೇ ಕೋಟ್‌ಗಢ ಇದೆ. ಹಿಮಾಚಲದ ಸೇಬಿನ ಕಥೆಯ ಮುಖ್ಯ ಅಧ್ಯಾಯ ನಡೆದದ್ದು ಇಲ್ಲೇ. ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಸ್ಟೋಕ್ಸ್ 1904ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಬಂದು, ಕೋಟ್‌ಗಢದಲ್ಲಿ ನೆಲೆಸಿ, ಪಹಾಡಿ ಹುಡುಗಿಯನ್ನು ಮದುವೆಯಾದರು. ಅಮೆರಿಕದಿಂದ ಡೆಲಿಶಿಯಸ್ ತಳಿಯ ಸಸಿಗಳನ್ನು ತರಿಸಿ 1916ರ ಹೊತ್ತಿಗೆ ನೆಟ್ಟರು. ಬ್ರಿಟಿಷರ ವಿರುದ್ಧ ಹೋರಾಡಿ ಜೈಲಿಗೂ ಹೋದರು. 1932ರಲ್ಲಿ ಹಿಂದೂ ಧರ್ಮ ಸ್ವೀಕರಿಸಿ ಸತ್ಯಾನಂದರಾದರು. ಬೇರೆಯವರ ಜಮೀನಿನಲ್ಲೂ ಸೇಬು ಬೆಳೆಯಲಿ ಎಂದು ಸಸಿ ಹಂಚಿದ ಮನುಷ್ಯ ಅವರು. ಇವತ್ತು ಆ ಕಣಿವೆಯಲ್ಲಿ ಓಡಾಡುವಾಗ ಕಣ್ಣಿಗೆ ಬೀಳುವ ಸಿರಿವಂತ ಮನೆಗಳ ಹಿಂದೆ ಆ ಹಂಚಿಕೆಯ ಪಾಲು ದೊಡ್ಡದು.

ಕುಲ್ಲು ಕಣಿವೆಯ ತೋಟಗಳು ಇನ್ನೂ ಹಳೆಯವು. ಕ್ಯಾಪ್ಟನ್ ಲೀ ಎಂಬ ಬ್ರಿಟಿಷ್ ಅಧಿಕಾರಿ ಬಂದ್ರೋಲಿನಲ್ಲಿ ಮರ ನೆಟ್ಟದ್ದು 1870ರ ಸುಮಾರಿಗೆ. ಆದರೆ ಮನಾಲಿಯ ಜನಜಂಗುಳಿ ನಾಯಿಗೆ ಹಿತವಲ್ಲ. ಅಲ್ಲಿಗೇ ಹೋಗಬೇಕೆಂದಿದ್ದರೆ ನಗ್ಗರ್ ಕಡೆ ಉಳಿದುಕೊಳ್ಳಿ. ಕಿನ್ನೌರ್ ಅದ್ಭುತ, ಆದರೆ ಕಲ್ಪಾ 2,900 ಮೀಟರ್ ದಾಟಿದ ಎತ್ತರದಲ್ಲಿದೆ, ದಾರಿಯೂ ಕಠಿಣ. ಮೊದಲ ಪ್ರವಾಸಕ್ಕೆ ಬೇಡ.

ಅಲ್ಲಿ ಸೈಡರ್ ತಯಾರಿಸುವ ಘಟಕಗಳು, ಅಂದರೆ ಸೈಡರಿಗಳು ಎಷ್ಟಿವೆ? ಪಟ್ಟಿ ಕೊಡುತ್ತೀರಾ?

ಪಟ್ಟಿ ಕೊಡುವುದಿಲ್ಲ, ಕಾರಣ ಹೇಳುತ್ತೇನೆ. ಅಮೆರಿಕದಲ್ಲಿರುವ ಹಾಗೆ ರಸ್ತೆಗೊಂದು ರುಚಿ ನೋಡುವ ಕೋಣೆ ಹಿಮಾಚಲದಲ್ಲಿಲ್ಲ. ಇರುವ ಸೈಡರ್ ಮತ್ತು ಹಣ್ಣಿನ ವೈನಿನ ಘಟಕಗಳು ಹೆಚ್ಚಿನವು ಚಿಕ್ಕ ಕಾರ್ಖಾನೆಗಳು. ಒಂದು ವರ್ಷ ಅತಿಥಿಗಳನ್ನು ಬಿಡುವವರು ಮರುವರ್ಷ ಬಿಡದಿರಬಹುದು. ಆದ್ದರಿಂದ ದಾರಿ ಹೀಗಿರಲಿ: ಮೊದಲು ಸೇಬಿನ ತೋಟದೊಳಗೇ ಇರುವ ಹೋಂಸ್ಟೇ ಹಿಡಿಯಿರಿ; ಅವರಿಗೆ ಫೋನ್ ಮಾಡಿ ಹತ್ತಿರದಲ್ಲಿ ಸೈಡರ್ ತಯಾರಿಸುವವರು ಯಾರು, ನೋಡಲು ಬಿಡುತ್ತಾರೆಯೇ, ನಾಯಿ ಬಂದರೆ ಅಡ್ಡಿಯಿಲ್ಲವೇ ಎಂದು ಕೇಳಿ. ತೋಟದವರಿಗೆ ಎಲ್ಲರ ಪರಿಚಯವೂ ಇರುತ್ತದೆ. ಅವರು ಮಾಡಿಸಿಕೊಡುವ ಒಂದು ಭೇಟಿಯ ಬೆಲೆ ಯಾವ ಪಟ್ಟಿಗೂ ಇಲ್ಲ.

ಯಾವ ತಿಂಗಳು ಒಳ್ಳೆಯದು?

ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ. ಕೆಳಗಿನ ತೋಟಗಳಲ್ಲಿ ಜುಲೈಗೇ ಕೊಯ್ಲು ಶುರುವಾಗುತ್ತದೆ, ಆದರೆ ಆಗ ಮಳೆ, ಗುಡ್ಡ ಕುಸಿತ. 2023ರ ಮಳೆಗಾಲದಲ್ಲಿ ಹಿಮಾಚಲ ಅನುಭವಿಸಿದ್ದನ್ನು ನೋಡಿದ ಮೇಲೂ ಜುಲೈ, ಆಗಸ್ಟಿನಲ್ಲಿ ನಾಯಿಯನ್ನು ಕಟ್ಟಿಕೊಂಡು ಹೋಗುವ ಧೈರ್ಯ ಮಾಡಬೇಡಿ. ಮಳೆ ನಿಂತ ಮೇಲೆ ಎತ್ತರದ ತೋಟಗಳಲ್ಲಿ ಕೊಯ್ಲು ನಡೆದೇ ಇರುತ್ತದೆ, ಹಣ್ಣು ಹಿಂಡುವ ಕೆಲಸವೂ ಸಿಗುತ್ತದೆ. ಏಪ್ರಿಲಿನಲ್ಲಿ ಹೂವು ನೋಡಬಹುದು. ಆಗ ಹಿಂಡುವುದಿರುವುದಿಲ್ಲ, ಹಿಂದಿನ ಶರತ್ಕಾಲದ ಸೈಡರ್ ಮಾತ್ರ ಸಿಕ್ಕೀತು.

‘ಸಾಕುಪ್ರಾಣಿಗಳಿಗೆ ಪ್ರವೇಶವಿದೆ’ ಎಂದು ಬರೆದಿದ್ದರೆ ಸಾಕಲ್ಲವೇ?

ಸಾಲದು. ಆ ಒಂದು ಸಾಲಿನ ಕೆಳಗೆ ಹತ್ತು ಅರ್ಥಗಳಿರುತ್ತವೆ. ಹೊರಗಿನ ಅಂಗಳಕ್ಕೆ ಮಾತ್ರವೇ, ಕೋಣೆಯೊಳಗೂ ಬಿಡುತ್ತಾರೆಯೇ? ನಮ್ಮ ಲ್ಯಾಬ್ರಡಾರಿನಷ್ಟು ದೊಡ್ಡ ನಾಯಿಯೂ ಸರಿಯೇ? ಅಲ್ಲಿಯದೇ ನಾಯಿಗಳಿವೆಯೇ, ಅವನ್ನು ಕಟ್ಟದೆ ಬಿಟ್ಟಿರುತ್ತಾರೆಯೇ? ನೆರಳು, ನೀರು ಇದೆಯೇ? ಔಷಧ ಸಿಂಪಡಿಸಿ ಎಷ್ಟು ದಿನವಾಯಿತು? ಫೋನಿನಲ್ಲಿ ಇಷ್ಟನ್ನು ಕೇಳಿದಾಗ ಬೇಸರಪಡದೆ ಉತ್ತರಿಸುವವರು ನಾಯಿ ಸಾಕಿದವರು ಎಂದು ತಿಳಿಯಿರಿ. ‘ಬನ್ನಿ ಬನ್ನಿ, ಏನೂ ತೊಂದರೆಯಿಲ್ಲ’ ಎಂದಷ್ಟೇ ಹೇಳಿ ಮುಗಿಸುವವರ ಬಗ್ಗೆ ನನಗೆ ಸ್ವಲ್ಪ ಅನುಮಾನ.

## ಪ್ರಯಾಣ

ರೈಲಿನಲ್ಲಿ ನಾಯಿಯನ್ನು ನಮ್ಮ ಜೊತೆಯಲ್ಲೇ ಇಟ್ಟುಕೊಳ್ಳಬಹುದೇ?

ಎಸಿ ಮೊದಲ ದರ್ಜೆಯಲ್ಲಿ ಮಾತ್ರ. ಅದೂ ಇಬ್ಬರ ಕೂಪೆಯನ್ನೋ ನಾಲ್ವರ ಕ್ಯಾಬಿನ್ನನ್ನೋ ಪೂರ್ತಿಯಾಗಿ ನೀವೇ ಕಾದಿರಿಸಿರಬೇಕು. ಎಸಿ ಎರಡನೇ, ಮೂರನೇ ದರ್ಜೆ, ಸ್ಲೀಪರ್, ಚೇರ್ ಕಾರ್ ಇವುಗಳಲ್ಲಿ ಆಗದು. ಇನ್ನೊಂದು ದಾರಿ ಗಾರ್ಡ್ ಡಬ್ಬಿಯಲ್ಲಿರುವ ನಾಯಿಪೆಟ್ಟಿಗೆ. ದೆಹಲಿಯವರೆಗಿನ ದೂರಕ್ಕೆ ಅದನ್ನು ಯಾವ ನಾಯಿಗೂ ನಾನು ಬಯಸುವುದಿಲ್ಲ.

ಬೆಂಗಳೂರಿನಿಂದ ರಾಜಧಾನಿ ಎಕ್ಸ್‌ಪ್ರೆಸ್, ಕರ್ನಾಟಕ ಎಕ್ಸ್‌ಪ್ರೆಸ್ ಎರಡರಲ್ಲೂ ಮೊದಲ ದರ್ಜೆ ಇದೆ. ಎರಡರಲ್ಲೂ ಎರಡು ರಾತ್ರಿಯ ಪ್ರಯಾಣ. ತೊಡಕು ಏನೆಂದರೆ, ಎರಡು ಟಿಕೆಟ್ ತೆಗೆದ ಮಾತ್ರಕ್ಕೆ ಕೂಪೆ ಸಿಕ್ಕೇ ಸಿಗುತ್ತದೆ ಎಂದಿಲ್ಲ. ಯಾರಿಗೆ ಯಾವ ಕ್ಯಾಬಿನ್ ಎಂಬುದು ಚಾರ್ಟ್ ತಯಾರಾಗುವಾಗ ತೀರ್ಮಾನವಾಗುತ್ತದೆ. ನಾಯಿ ಇದೆಯೆಂದು ರೈಲ್ವೆ ಮೀಸಲಾತಿ ಕಚೇರಿಗೆ ಮೊದಲೇ ಬರೆದುಕೊಡಬೇಕು. ಹೊರಡುವ ದಿನ ಪಾರ್ಸೆಲ್ ಕಚೇರಿಯಲ್ಲಿ ನಾಯಿಯ ಹೆಸರಿನಲ್ಲಿ ಹಣ ಕಟ್ಟಿ ರಸೀದಿ ಪಡೆಯಬೇಕು. ಇದಕ್ಕೆ ಪಶುವೈದ್ಯರ ಪ್ರಮಾಣಪತ್ರ ಮತ್ತು ರೇಬೀಸ್ ಲಸಿಕೆಯ ದಾಖಲೆ ಕೈಯಲ್ಲಿರಲಿ. ದೊಡ್ಡ ನಿಲ್ದಾಣಗಳಲ್ಲಿ ರೈಲು ನಿಂತಾಗ ಇಳಿಸಿ ಮೂತ್ರ ಮಾಡಿಸಲು ಹಳೆಯ ಪತ್ರಿಕೆ, ನೀರಿನ ಬಾಟಲಿ ಒಯ್ಯಿರಿ. ಮಾಡಿದ ಜಾಗ ತೊಳೆಯುವುದು ನಿಮ್ಮ ಕೆಲಸ.

ವಿಮಾನದಲ್ಲಿ?

ಏರ್ ಇಂಡಿಯಾ ಮತ್ತು ಆಕಾಸ ಏರ್ ಸಾಕುನಾಯಿಗಳನ್ನು ಒಯ್ಯುತ್ತವೆ, ಇಂಡಿಗೋ ಒಯ್ಯುವುದಿಲ್ಲ. ಕ್ಯಾಬಿನ್ನಿನಲ್ಲಿ ಕೂರಿಸುವ ತೂಕದ ಮಿತಿಯಲ್ಲಿ ಬುಟ್ಟಿಯ ತೂಕವೂ ಸೇರುತ್ತದೆ. ಅದಕ್ಕಿಂತ ಭಾರವಾದವು ಸರಕಿನ ಕಡೆಗೆ. ಪಗ್, ಬುಲ್‌ಡಾಗ್, ಶಿಟ್ಸು ಮುಂತಾದ ಚಪ್ಪಟೆ ಮೂಗಿನ ತಳಿಗಳಿಗೆ ಸರಕಿನ ವಿಭಾಗದಲ್ಲಿ ಉಸಿರಾಟದ ಅಪಾಯ ಹೆಚ್ಚು. ಅಂಥ ನಾಯಿ ಮನೆಯಲ್ಲಿದ್ದರೆ ವಿಮಾನದ ಯೋಚನೆಯನ್ನೇ ಬಿಡಿ.

ಕಾರಿನಲ್ಲೇ ಹೋಗೋಣ ಎನ್ನುತ್ತಾರೆ ನಮ್ಮ ಯಜಮಾನರು. ನಾಯಿಗೆ ಆದೀತೇ?

ಬೆಂಗಳೂರಿನಿಂದ ದೆಹಲಿ ಸುಮಾರು 2,150 ಕಿಲೋಮೀಟರ್, ಬಹುಪಾಲು ರಾಷ್ಟ್ರೀಯ ಹೆದ್ದಾರಿ 44. ದಿನಕ್ಕೆ 500 ಕಿಲೋಮೀಟರ್ ಮೀರದಂತೆ, ಎರಡು ಗಂಟೆಗೊಮ್ಮೆ ನಿಲ್ಲಿಸಿಕೊಂಡು ಹೋದರೆ ಕಾರು ಪರಿಚಿತವಾಗಿರುವ ನಾಯಿಗೆ ಆಗುತ್ತದೆ. ಬಯಲಿಗಿಂತ ಕಷ್ಟವಾದದ್ದು ಶಿಮ್ಲಾ ಬೆಟ್ಟಗಳ ಬುಡದ ಕಾಲ್ಕಾ ದಾಟಿದ ಮೇಲಿನ ತಿರುವುಗಳು. ಘಟ್ಟ ಹತ್ತುವ ಮೂರು ನಾಲ್ಕು ಗಂಟೆ ಮೊದಲೇ ಊಟ ಮುಗಿಸಿರಲಿ, ನಡುವೆ ಏನೂ ಹಾಕಬೇಡಿ. ನಂದಿಬೆಟ್ಟದ ತಿರುವುಗಳಲ್ಲೇ ವಾಂತಿ ಮಾಡುವ ನಾಯಿಯಾದರೆ ಪಶುವೈದ್ಯರನ್ನು ಕಂಡು ಮಾತ್ರೆ ಬರೆಸಿಕೊಳ್ಳಿ. ಮನುಷ್ಯರ ಮಾತ್ರೆಯನ್ನು ಅಂದಾಜಿನಲ್ಲಿ ಕೊಡಬೇಡಿ.

ಕೊಯ್ಲಿನ ಕಾಲದಲ್ಲಿ ಥಿಯೋಗ್ ಬಳಿಯ ಪರಾಲಾ ಮಂಡಿಯ ಆಸುಪಾಸು ಸೇಬಿನ ಲಾರಿಗಳ ಸಾಲು ಗಂಟೆಗಟ್ಟಲೆ ಕದಲದೆ ನಿಂತಿರಬಹುದು. ಬೆಳಗ್ಗೆ ಬೇಗ ದಾಟಿಬಿಡಿ.

ಮುಚ್ಚುಮರೆಯಿಲ್ಲದೆ ಹೇಳಿ, ನಾಯಿಯನ್ನು ಕರೆದುಕೊಂಡು ಹೋಗುವುದು ಸರಿಯೇ?

ಹತ್ತು ದಿನಕ್ಕಿಂತ ಕಡಿಮೆ ರಜೆ ಇದ್ದರೆ ಸರಿಯಲ್ಲ. ಹೋಗಲು ಎರಡು ರಾತ್ರಿ, ಬೆಟ್ಟ ಹತ್ತಲು ಒಂದು ದಿನ, ಎತ್ತರಕ್ಕೆ ಹೊಂದಿಕೊಳ್ಳಲು ಇನ್ನೊಂದು ದಿನ, ಮತ್ತೆ ಅಷ್ಟೇ ಹಿಂದಕ್ಕೆ. ನಡುವೆ ಉಳಿದ ಎರಡು ಮೂರು ದಿನಗಳಲ್ಲಿ ನಾಯಿ ಅನುಭವಿಸುವುದು ದಣಿವನ್ನು ಮಾತ್ರ. ಫೋಟೋದಲ್ಲಿ ನಾಲಿಗೆ ಹೊರಗಿಟ್ಟು ನಗುತ್ತಿರುವಂತೆ ಕಾಣುವ ಎಷ್ಟೋ ನಾಯಿಗಳು ನಿಜಕ್ಕೂ ಏದುಸಿರು ಬಿಡುತ್ತಿರುತ್ತವೆ. ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ, ಆದರೂ ಹೇಳಲೇಬೇಕು.

ಹದಿನೈದು ದಿನ, ತಿಂಗಳು ಒಂದೇ ಕಡೆ ಉಳಿಯುವವರ ಮಾತು ಬೇರೆ. ಮನೆಯಿಂದಲೇ ಕಚೇರಿ ಕೆಲಸ ಮಾಡುವವರು ಈಗ ಬಹಳ ಮಂದಿ ಹಾಗೆ ಹೋಗುತ್ತಾರೆ. ಅಂಥವರ ನಾಯಿ ನಾಲ್ಕನೆಯ ದಿನಕ್ಕೆ ತೋಟದ ಮೆಟ್ಟಿಲು ಮೆಟ್ಟಿಲು ಇಳಿಜಾರನ್ನು ತನ್ನದಾಗಿಸಿಕೊಂಡು, ಬೆಳಗಿನ ಬಿಸಿಲು ಯಾವ ಕಲ್ಲಿನ ಮೇಲೆ ಮೊದಲು ಬೀಳುತ್ತದೆ ಎಂಬುದನ್ನೂ ಕಂಡುಕೊಂಡು ಅಲ್ಲೇ ಹೋಗಿ ಮಲಗುತ್ತದೆ. ಮುದಿ ನಾಯಿ, ಹೃದಯದ ತೊಂದರೆಯಿರುವ ನಾಯಿ, ಪಟಾಕಿಗೆ ಮಂಚದ ಕೆಳಗೆ ಸೇರುವ ಅಂಜುಬುರುಕ ನಾಯಿ ಇವುಗಳನ್ನು ಮಾತ್ರ ಎಷ್ಟು ದಿನ ರಜೆ ಇದ್ದರೂ ಮನೆಯಲ್ಲೇ ಬಿಡಿ.

ನಮ್ಮದು ಮುಧೋಳ ನಾಯಿ. ಚಳಿ ತಡೆಯುತ್ತದೆಯೇ?

ಮುಧೋಳ ನಾಯಿ ಉತ್ತರ ಕರ್ನಾಟಕದ ಬಿಸಿಲಿನಲ್ಲಿ ಮೊಲ ಅಟ್ಟಲು ಹೇಳಿ ಮಾಡಿಸಿದ ಮೈ. ಕೂದಲು ಗಿಡ್ಡ, ಕೊಬ್ಬು ಕಡಿಮೆ. ಅಕ್ಟೋಬರಿನ ನಾರ್ಕಂಡ 2,700 ಮೀಟರ್ ಎತ್ತರದಲ್ಲಿ ರಾತ್ರಿ ಚೆನ್ನಾಗಿಯೇ ನಡುಗಿಸುತ್ತದೆ. ಹೊಟ್ಟೆಯೂ ಮುಚ್ಚುವಂಥ ಉಣ್ಣೆಯ ಅಂಗಿ, ನೆಲದಿಂದ ಎತ್ತರದ ಹಾಸಿಗೆ, ದಿನಕ್ಕೆ ಎಂದಿಗಿಂತ ಸ್ವಲ್ಪ ಹೆಚ್ಚು ಊಟ ಬೇಕು. ಬೀದಿಯಿಂದ ಬಂದ ನಮ್ಮ ನಾಡನಾಯಿಗಳಿಗೂ ಇದೇ ಮಾತು. ಇದಕ್ಕೆ ತದ್ವಿರುದ್ಧವಾಗಿ, ಹಸ್ಕಿಯಂಥ ದಟ್ಟ ಕೂದಲಿನ ನಾಯಿಗಳು ಬೆಂಗಳೂರಿನಲ್ಲಿ ಪಡುವ ಪಾಡು ಅಲ್ಲಿ ಇರುವುದಿಲ್ಲ.

ಬೆಂಗಳೂರು 900 ಚಿಲ್ಲರೆ ಮೀಟರ್ ಎತ್ತರದಲ್ಲಿದೆ. ಒಮ್ಮೆಲೇ 2,500 ಮೀಟರ್ ದಾಟಿದಾಗ ನಾಯಿಗೂ ತಲೆಸುತ್ತು, ವಾಂತಿ, ಊಟ ಬೇಡವಾಗುವುದು ಉಂಟು. ಮೊದಲ ದಿನ ನಡಿಗೆಗೆ ಕರೆದೊಯ್ಯಬೇಡಿ. ಸುಧಾರಿಸದಿದ್ದರೆ ಕೆಳಗಿನ ಊರಿಗೆ ಇಳಿಯುವುದೇ ಔಷಧ.

## ತೋಟದೊಳಗೆ

ಅಷ್ಟು ದೊಡ್ಡ ತೋಟ. ಚೈನು ಬಿಚ್ಚಿ ಬಿಡಬಹುದಲ್ಲ?

ಬೇಡ. ಸೇಬಿನ ತೋಟ ಉದ್ಯಾನವಲ್ಲ, ಒಂದು ಕುಟುಂಬದ ವರ್ಷದ ಸಂಪಾದನೆ. ಕೊಯ್ಲಿನ ಹೊತ್ತಿಗೆ ಮರದ ಕೆಳಗೆ ಕ್ರೇಟುಗಳು, ಏಣಿಗಳು, ಬೆನ್ನಿಗೆ ಕಿಲ್ಟಾ ಬುಟ್ಟಿ ಹೊತ್ತು ಇಳಿಜಾರಿನಲ್ಲಿ ಇಳಿಯುವ ಕೂಲಿಯವರು. ಉತ್ಸಾಹದಿಂದ ಓಡಿಬಂದ ನಾಯಿ ಅವರ ಕಾಲಿಗೆ ಅಡ್ಡವಾದರೆ ಬೀಳುವುದು ಹಣ್ಣು ಮಾತ್ರವಲ್ಲ.

ಇನ್ನೊಂದು ಕಾರಣ ಔಷಧ. ಸೇಬಿನ ಮರಕ್ಕೆ ಚಳಿಗಾಲದ ನಿದ್ರೆಯಿಂದ ಹಿಡಿದು ಎಲೆ ಉದುರುವವರೆಗೆ ಹಂತಹಂತವಾಗಿ ಸಿಂಪಡಣೆ ನಡೆಯುತ್ತದೆ. ಕೊಯ್ಲು ಮುಗಿದ ಮೇಲೂ ಎಲೆಗಳಿಗೆ ಯೂರಿಯಾ ಹೊಡೆಯುತ್ತಾರೆ. ಅದೆಲ್ಲ ಕೆಳಗಿನ ಹುಲ್ಲಿಗೂ ಬೀಳುತ್ತದೆ, ನಾಯಿ ಆ ಹುಲ್ಲನ್ನು ತಿನ್ನುತ್ತದೆ. ಕೊಂಬೆ ಕತ್ತರಿಸಿದ ಗಾಯಕ್ಕೆ ಬಳಿಯುವ ಚೌಬಾಟಿಯಾ ಪೇಸ್ಟಿನಲ್ಲಿ ತಾಮ್ರ ಮತ್ತು ಸೀಸ ಎರಡೂ ಇವೆ. ಬಣ್ಣ ಬಳಿದಂತೆ ಕಾಣುವ ಕಾಂಡದ ಹತ್ತಿರ ನಾಯಿಯ ಮೂಗು ಹೋಗದಿರಲಿ. ಸಂಜೆ ತಂಗುವಲ್ಲಿಗೆ ಬಂದೊಡನೆ ಪಾದ ತೊಳೆದು, ಕಿವಿಯ ಹಿಂದೆ, ಕಾಲ್ಬೆರಳ ಸಂದಿನಲ್ಲಿ ಉಣ್ಣಿ ಇದೆಯೇ ನೋಡಿ.

ಉದುರಿದ ಸೇಬು ತಿಂದರೆ ಏನಾಗುತ್ತದೆ? ನಮ್ಮ ಮನೆಯಲ್ಲಿ ದಿನಾ ಒಂದು ಹೋಳು ಕೊಡುತ್ತೇವೆ.

ಮನೆಯ ಹೋಳು ಒಳ್ಳೆಯದೇ. ತೋಟದಲ್ಲಿ ಉದುರಿದ ಹಣ್ಣು ಬೇರೆ. ನಾಲ್ಕು ದಿನ ಬಿಸಿಲಿನಲ್ಲಿ ಬಿದ್ದ ಸೇಬು ಒಳಗೊಳಗೇ ಹುದುಗಿ ಮದ್ಯವಾಗತೊಡಗಿರುತ್ತದೆ. ಅದರ ಮೇಲೆ ಕಣಜಗಳು ಮುತ್ತಿರುತ್ತವೆ, ಬಾಯೊಳಗೆ ಕಣಜ ಕಡಿದರೆ ಗಂಟಲು ಊದಿ ಉಸಿರು ಕಟ್ಟಬಹುದು. ಬೀಜಗಳಲ್ಲಿ ಸೈನೈಡ್ ಬಿಡುವ ಅಮಿಗ್ಡಲಿನ್ ಇದೆ. ಒಂದೆರಡು ನುಂಗಿದರೆ ಗಾಬರಿ ಬೇಡ, ಆದರೆ ಬುಟ್ಟಿಗಟ್ಟಲೆ ಹಣ್ಣು ಬಿದ್ದಿರುವ ಕಡೆ ಹೊಟ್ಟೆಬಾಕ ನಾಯಿ ಒಂದೆರಡಕ್ಕೆ ನಿಲ್ಲಿಸುವುದಿಲ್ಲ. ಸಣ್ಣ ನಾಯಿಗೆ ನಡುವಿನ ಗಟ್ಟಿ ದಿಂಡು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ಎಲ್ಲಕ್ಕಿಂತ ಅಪಾಯ ಹಿಂಡಿ ಬಿಸಾಡಿದ ಚರಟದ ರಾಶಿ. ಸಿಹಿ ವಾಸನೆಗೆ ನಾಯಿಗಳು ಮುಗಿಬೀಳುತ್ತವೆ. ಬೆಚ್ಚಗಿನ ಆ ರಾಶಿಯಲ್ಲಿ ಹುದುಗುವಿಕೆ ಭರದಿಂದ ಸಾಗಿರುತ್ತದೆ.

ತಮಾಷೆಗೆ ಒಂದು ಗುಟುಕು ಸೈಡರ್ ನೆಕ್ಕಿಸಿದರೆ?

ಬೇಡವೇ ಬೇಡ. ನಾಯಿಯ ದೇಹ ಮದ್ಯವನ್ನು ನಮ್ಮಂತೆ ನಿಭಾಯಿಸಲಾರದು. ಮೈ ತೂಗಾಡುವುದು, ವಾಂತಿ, ಮಂಪರು, ರಕ್ತದ ಸಕ್ಕರೆ ಮತ್ತು ಮೈಬಿಸಿ ಕುಸಿಯುವುದು ಇವೆಲ್ಲ ಸಣ್ಣ ನಾಯಿಯಲ್ಲಿ ಬಹಳ ಬೇಗ ಕಾಣಿಸಿಕೊಳ್ಳುತ್ತವೆ. ಗ್ಲಾಸನ್ನು ನೆಲದ ಮೇಲೆ ಇಡುವ ಅಭ್ಯಾಸವಿದ್ದವರು ಅದನ್ನು ಬಿಡಬೇಕು. ನೆಕ್ಕಿಬಿಟ್ಟರೆ ಮೈ ಬೆಚ್ಚಗಿಟ್ಟು ಪಶು ಆಸ್ಪತ್ರೆಗೆ ಓಡಿ. ಅದು ಎಲ್ಲಿದೆ ಎಂಬುದನ್ನು ಊರು ತಲುಪಿದ ದಿನವೇ ಕೇಳಿ ಇಟ್ಟುಕೊಂಡಿರಿ. ಹಿಮಾಚಲದಲ್ಲಿ ಸರಕಾರಿ ಪಶು ಆಸ್ಪತ್ರೆ, ಚಿಕಿತ್ಸಾಲಯಗಳ ಜಾಲ ಹಳ್ಳಿಗಳವರೆಗೂ ಇದೆ.

ಚಿರತೆ ಬರುತ್ತದೆ ಎನ್ನುತ್ತಾರೆ. ಹೆದರಿಸುವ ಮಾತೇ ಅಥವಾ ನಿಜವೇ?

ನಿಜ. ಬೆಟ್ಟದ ಊರುಗಳಲ್ಲಿ ಚಿರತೆಗೆ ನಾಯಿ ಸುಲಭದ ಬೇಟೆ. ಕುರಿಗಾಹಿ ಗದ್ದಿಗಳ ನಾಯಿಗಳ ಕೊರಳಲ್ಲಿ ಅಗಲವಾದ ಕಬ್ಬಿಣದ ಪಟ್ಟಿ ಇರುತ್ತದೆ, ಅದರ ಸುತ್ತ ಹೊರಚಾಚಿದ ಮುಳ್ಳುಗಳು. ಚಿರತೆ ಮೊದಲು ಬಾಯಿ ಹಾಕುವುದು ಕುತ್ತಿಗೆಗೆ. ಆ ಕಾರಣಕ್ಕೇ ಈ ಪಟ್ಟಿ. ಅಂಥ ಒಂದು ಪಟ್ಟಿಯನ್ನು ಕೈಯಲ್ಲಿ ಹಿಡಿದು ಅದರ ತೂಕ ನೋಡಿದವರು ರಾತ್ರಿ ತಮ್ಮ ನಾಯಿಯನ್ನು ಹೊರಗೆ ಕಟ್ಟುವುದಿಲ್ಲ. ಕತ್ತಲಾದ ಮೇಲೆ ಕೊನೆಯ ಮೂತ್ರಕ್ಕೂ ಟಾರ್ಚ್ ಹಿಡಿದು, ಚೈನು ಹಾಕಿ, ನೀವೇ ಜೊತೆಗೆ ಹೋಗಿ. ಹಣ್ಣಾದ ತೋಟಕ್ಕೆ ಕರಡಿಯೂ ಬರುತ್ತದೆ.

ಅಲ್ಲಿಯ ನಾಯಿಗಳು ನಮ್ಮದರ ಮೇಲೆ ಎರಗಿದರೆ?

ಅವು ಕಾವಲಿನ ನಾಯಿಗಳು, ಕೆಲಸ ಮಾಡುತ್ತಿವೆ. ನಿಮ್ಮ ನಾಯಿಯನ್ನು ಗೇಟಿನ ಹೊರಗೇ ನಿಲ್ಲಿಸಿ ಮಾಲೀಕರನ್ನು ಕರೆಯಿರಿ. ಅವರು ತಮ್ಮದನ್ನು ಹಿಡಿದು ತಂದು ಪರಿಚಯ ಮಾಡಿಸಲಿ. ಎದುರುಬದುರು ನಿಲ್ಲಿಸದೆ ಒಂದೇ ದಿಕ್ಕಿಗೆ ಸ್ವಲ್ಪ ದೂರ ನಡೆಸಿದರೆ ಬಹುಪಾಲು ನಾಯಿಗಳು ಸಮಾಧಾನವಾಗುತ್ತವೆ. ಹೊಂದಿಕೊಂಡ ಹಾಗೆ ಕಾಣದಿದ್ದರೆ ಒತ್ತಾಯ ಬೇಡ, ಒಬ್ಬರು ನಾಯಿಯೊಡನೆ ಹೊರಗಿದ್ದು ಸರದಿಯಲ್ಲಿ ಒಳಗೆ ಹೋಗಿ ಬನ್ನಿ. ಕುರಿಮಂದೆ ಎದುರಾದರಂತೂ ದಾರಿ ಬಿಟ್ಟು ದೂರ ನಿಲ್ಲಬೇಕು.

ನಾನು ಕುಡಿಯುವುದಿಲ್ಲ. ಅಲ್ಲಿ ಹೋಗಿ ಏನು ಮಾಡಲಿ?

ನೀವೇ ಹೆಚ್ಚು ನೋಡುತ್ತೀರಿ. ಚಿಕ್ಕ ಘಟಕಗಳಲ್ಲಿ ಹಳೆಯ ಕ್ರಮದಲ್ಲಿ ಹಿಂಡುವುದನ್ನು ಕಂಡರೆ ಬಿಡಬೇಡಿ. ಮರದ ಚೌಕಟ್ಟಿನ ಮೇಲೆ ಬಟ್ಟೆ ಹಾಸಿ, ಅರೆದ ಸೇಬನ್ನು ಸುರಿದು, ನಾಲ್ಕೂ ಅಂಚು ಮಡಚುತ್ತಾರೆ. ಅದರ ಮೇಲೆ ಜಾಲರಿ ಹಲಗೆ, ಮತ್ತೆ ಬಟ್ಟೆ, ಮತ್ತೆ ಸೇಬು. ಹೀಗೆ ಎದೆಮಟ್ಟಕ್ಕೆ ಏರುವ ಹೊತ್ತಿಗೆ ಒತ್ತುವ ಮೊದಲೇ ತನ್ನ ಭಾರಕ್ಕೆ ತಾನೇ ರಸ ಜಿನುಗತೊಡಗುತ್ತದೆ. ಹೊರಬಂದ ಗಳಿಗೆಯಲ್ಲಿ ತಿಳಿ ಹಳದಿ; ನೋಡನೋಡುತ್ತಿದ್ದಂತೆ ಗಾಳಿ ತಾಗಿ ಕಂದಾಗುತ್ತದೆ. ಆ ರಸವನ್ನು ಅಲ್ಲೇ ಒಂದು ಲೋಟ ಕೇಳಿ ಕುಡಿಯಿರಿ. ಡಬ್ಬಿಯ ಜ್ಯೂಸ್ ಕುಡಿದು ಬೆಳೆದ ನಮಗೆ ಸೇಬಿಗೆ ಇಷ್ಟೊಂದು ಹುಳಿ, ಇಷ್ಟೊಂದು ಪರಿಮಳ ಇದೆಯೆಂದು ಗೊತ್ತೇ ಇರುವುದಿಲ್ಲ.

ಅಲ್ಲದೆ ಗುಂಪಿನಲ್ಲಿ ಕುಡಿಯದವರು ಒಬ್ಬರು ಇರಲೇಬೇಕು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯ ಮೀರಿದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಡಿ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಕಾನೂನಿಗಿಂತ ಆ ರಸ್ತೆಯ ಅಂಚು ಕಟುವಾದದ್ದು.

## ಇನ್ನಷ್ಟು ತಿಳಿಯಬಯಸುವವರಿಗೆ

ರುಚಿ ನೋಡುವುದು ಹೇಗೆ? ಎಲ್ಲವೂ ಒಂದೇ ಥರ ಅನ್ನಿಸುತ್ತದೆ.

ಒಣ ಸೈಡರಿನಿಂದ, ಅಂದರೆ ಸಿಹಿ ಉಳಿಯದ ‘ಡ್ರೈ’ ಸೈಡರಿನಿಂದ ಶುರುಮಾಡಿ ಸಿಹಿಯದಕ್ಕೆ ಬನ್ನಿ. ತಿರುಗುಮುರುಗಾದರೆ ಒಣದ್ದು ಬರೀ ಹುಳಿ ಎನಿಸುತ್ತದೆ. ತೀರಾ ತಣ್ಣಗೆ ಕೊಟ್ಟರೆ ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿಯಿರಿ, ಪರಿಮಳ ಏಳುತ್ತದೆ. ನಾಲಿಗೆಯಲ್ಲಿ ಮೂರು ಸಂಗತಿ ಹುಡುಕಿ: ಸಿಹಿ, ಹುಳಿ, ಒಗರು. ನೆಲ್ಲಿಕಾಯಿ ಕಚ್ಚಿದಾಗ ಬಾಯಿ ಬಿಗಿಯುತ್ತದಲ್ಲ, ಅದರ ಸಣ್ಣ ನೆರಳು ಸೈಡರಿನಲ್ಲಿ ಸಿಕ್ಕರೆ ತಯಾರಿಸಿದವರು ಹಣ್ಣನ್ನು ಯೋಚಿಸಿ ಆರಿಸಿದ್ದಾರೆ ಎಂದರ್ಥ.

ಹಿಮಾಚಲದ ಕೆಲವು ಸೈಡರ್ ನೀರುನೀರಾಗಿರುತ್ತದೆ. ಯಾಕೆ?

ಅಲ್ಲಿ ಬೆಳೆಯುವುದು ಬಹುಪಾಲು ರಾಯಲ್ ಡೆಲಿಶಿಯಸ್ ಮತ್ತು ಅದರ ಬಂಧುಗಳು. ಇವು ಕಚ್ಚಿ ತಿನ್ನಲೆಂದು ಬೆಳೆಸಿದ ಹಣ್ಣುಗಳು: ಸಿಹಿ ಇದೆ, ಹುಳಿ ಕಡಿಮೆ, ಒಗರು ಇಲ್ಲವೇ ಇಲ್ಲ ಎನ್ನುವಷ್ಟು. ಹುದುಗುವಾಗ ಯೀಸ್ಟ್ ಸಕ್ಕರೆಯನ್ನು ತಿಂದು ಮುಗಿಸಿದ ಮೇಲೆ ನಿಲ್ಲಲು ಏನೂ ಉಳಿಯುವುದಿಲ್ಲ. ಇಂಗ್ಲೆಂಡಿನವರು ಇದೇ ಕಾರಣಕ್ಕೆ ತಿನ್ನಲಾಗದಷ್ಟು ಕಹಿ ಒಗರಿನ ಸೈಡರ್ ಸೇಬುಗಳನ್ನೇ ಬೇರೆ ಬೆಳೆಸುತ್ತಾರೆ.

ಆದರೆ ಪರಿಹಾರ ಹಿಮಾಚಲದ ತೋಟದಲ್ಲೇ ಇದೆ. ಡೆಲಿಶಿಯಸ್ ಮರ ತನ್ನದೇ ಪರಾಗದಿಂದ ಚೆನ್ನಾಗಿ ಕಾಯಿ ಕಟ್ಟುವುದಿಲ್ಲ. ಪರಾಗಕ್ಕೆಂದು ನಡುನಡುವೆ ಗೋಲ್ಡನ್ ಡೆಲಿಶಿಯಸ್ ಮತ್ತು ಕ್ರ್ಯಾಬ್ ಆಪಲ್ ಮರಗಳನ್ನು ನೆಡುತ್ತಾರೆ. ಗೋಲಿಗಾತ್ರದ ಆ ಕ್ರ್ಯಾಬ್ ಹಣ್ಣಿಗೆ ಮಂಡಿಯಲ್ಲಿ ಬೆಲೆಯಿಲ್ಲ, ಆದರೆ ಹುಳಿ ಒಗರು ಎರಡೂ ಧಾರಾಳ. ಅದನ್ನೂ, ಗ್ರ್ಯಾನಿ ಸ್ಮಿತ್‌ನಂಥ ಹುಳಿ ಸೇಬನ್ನೂ ಬೆರೆಸಿ, ತಣ್ಣಗಿನ ಟ್ಯಾಂಕಿನಲ್ಲಿ ಅವಸರವಿಲ್ಲದೆ ಹುದುಗಿಸುವವರ ಸೈಡರ್ ಗಟ್ಟಿಯಾಗಿ ನಿಲ್ಲುತ್ತದೆ. ಭೇಟಿ ಕೊಟ್ಟಾಗ ‘ಯಾವ ಯಾವ ಸೇಬು ಬೆರೆಸಿದ್ದೀರಿ’ ಎಂದು ಕೇಳಿ. ಉತ್ತರ ಕೊಡುವಾಗ ಅವರ ಮುಖ ಅರಳಿದರೆ ಸರಿಯಾದ ಕಡೆ ಬಂದಿದ್ದೀರಿ.

ನಾವು ಕುಡಿದರೆ ರೈತರಿಗೆ ನಿಜಕ್ಕೂ ಲಾಭವೇ?

ಆಗಬಹುದು, ಮತ್ತು ಈ ಪ್ರವಾಸದ ಬಗ್ಗೆ ನಾನು ಇಷ್ಟು ಆಸ್ಥೆಯಿಂದ ಬರೆಯಲು ಇದೂ ಒಂದು ಕಾರಣ. ಆಲಿಕಲ್ಲಿನ ಏಟು ಬಿದ್ದ, ಕಲೆಯಾದ, ಬಣ್ಣ ಬರದ ಹಣ್ಣು ಬೆಂಗಳೂರಿನ ಸಿಂಗೇನ ಅಗ್ರಹಾರದ ಹಣ್ಣಿನ ಮಾರುಕಟ್ಟೆಯವರೆಗೆ ಬರುವುದೇ ಇಲ್ಲ. ಅಂಥದ್ದನ್ನು ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಸರಕಾರಿ ಸಂಸ್ಥೆಗಳು ಕೊಳ್ಳುತ್ತವೆ. 2023ರಲ್ಲಿ ದರ ಕಿಲೋಗೆ 12 ರೂಪಾಯಿ. ರಾಜ್ಯದ ತೋಟಗಾರಿಕೆ ನಿಗಮವಾದ ಎಚ್‌ಪಿಎಂಸಿ ಅದನ್ನು ಪರ್ವಾಣು ಮುಂತಾದ ಕಡೆಯ ಘಟಕಗಳಲ್ಲಿ ಗಟ್ಟಿ ರಸವಾಗಿಸುತ್ತದೆ. ಸೈಡರಿಗೆ ಹಣ್ಣಿನ ಅಂದ ಬೇಕಿಲ್ಲ, ಒಳಗಿನ ರಸ ಚೆನ್ನಾಗಿದ್ದರೆ ಸಾಕು. ತಮ್ಮ ಊರಿನ ಹಣ್ಣನ್ನೇ ಕೊಳ್ಳುವ ಚಿಕ್ಕ ಸೈಡರಿ ಕಣಿವೆಗೊಂದು ಬಂದರೆ ಕೊಳೆತು ಹೋಗುವ ಹಣ್ಣಿಗೂ ಗಿರಾಕಿ ಸಿಗುತ್ತಾನೆ.

ಹಳ್ಳಿಯ ಮನೆಯಲ್ಲಿ ಮಾಡಿದ್ದನ್ನು ಕೊಟ್ಟರೆ ಕುಡಿಯಬಹುದೇ?

ಕಿನ್ನೌರಿನ ಅಂಗೂರಿ, ಕುಲ್ಲುವಿನ ಅಕ್ಕಿಯ ಲುಗ್ಡಿ, ಲಾಹೌಲ್ ಸ್ಪಿತಿಯ ಛಂಗ್ ಇವೆಲ್ಲ ಮನೆಯಲ್ಲೇ ಮಾಡುವ ಮದ್ಯಗಳು; ಹಬ್ಬ, ದೇವರ ಉತ್ಸವಗಳ ಜೊತೆ ಬೆಳೆದುಬಂದವು. ಪರಿಚಯದ ಮನೆಯವರು ತಾವೂ ಕುಡಿಯುತ್ತ ಕೊಟ್ಟರೆ ಗೌರವದಿಂದ ರುಚಿ ನೋಡಿ. ರಸ್ತೆಬದಿಯಲ್ಲಿ ಗುರುತು ಪರಿಚಯವಿಲ್ಲದವರು ಮಾರುವ ಬಟ್ಟಿ ಸಾರಾಯಿಯನ್ನು ಮುಟ್ಟಬೇಡಿ.

ನಾಲ್ಕು ಬಾಟಲಿ ಬೆಂಗಳೂರಿಗೆ ತರಬಹುದೇ?

ಅಲ್ಲೇ ಕುಡಿದು ಬನ್ನಿ ಎಂಬುದು ನನ್ನ ಸಲಹೆ. ಶೇ. 24ಕ್ಕಿಂತ ಕಡಿಮೆ ಮದ್ಯಾಂಶದ ಪಾನೀಯವನ್ನು ವಿಮಾನದ ಚೆಕ್-ಇನ್ ಸಾಮಾನಿನಲ್ಲಿ ಒಯ್ಯಲು ವಿಮಾನಯಾನದ ಸುರಕ್ಷತಾ ನಿಯಮ ಅಡ್ಡಬರುವುದಿಲ್ಲ. ಆದರೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಮದ್ಯ ತರಲು ಆಯಾ ರಾಜ್ಯದ ಅಬಕಾರಿ ಮಿತಿಗಳಿವೆ. ಪಾಶ್ಚರೀಕರಿಸದ ಸೈಡರಾದರೆ ಇನ್ನೊಂದು ಪೇಚು: ಬಯಲಿನ ಬಿಸಿಲಿನಲ್ಲಿ ಬಾಟಲಿಯೊಳಗೆ ಮತ್ತೆ ಹುದುಗತೊಡಗಿ ಒತ್ತಡಕ್ಕೆ ಒಡೆಯಬಹುದು. ನಾಯಿ ಮಲಗಿರುವ ಕಾರಿನ ಹಿಂಬದಿಯಲ್ಲಿ ಅಂಥದ್ದು ಇರಕೂಡದು.

## ಅಮೆರಿಕಕ್ಕೆ ಹೋಗುವವರ ಪ್ರಶ್ನೆಗಳು

ಮಗ ಉತ್ತರ ಕೆರೊಲಿನಾದಲ್ಲಿದ್ದಾನೆ. ವಾರಾಂತ್ಯಕ್ಕೆ ನಾಯಿಯನ್ನೂ ನಮ್ಮನ್ನೂ ಸೈಡರಿಗೆ ಕರೆದುಕೊಂಡು ಹೋಗುತ್ತಾನಂತೆ. ಅಲ್ಲಿ ಪದ್ಧತಿ ಏನು?

ಒಳ್ಳೆಯ ಕಡೆಗೇ ಹೋಗುತ್ತಿದ್ದೀರಿ. ಬ್ಲೂ ರಿಜ್ ಬೆಟ್ಟಗಳ ಹೆಂಡರ್ಸನ್‌ವಿಲ್ ಆ ರಾಜ್ಯದ ಸೇಬಿನ ರಾಜಧಾನಿ; ಸೆಪ್ಟೆಂಬರ್ ಮೊದಲ ವಾರದ ಲೇಬರ್ ಡೇ ರಜೆಗೆ ಅಲ್ಲಿ ಸೇಬಿನ ಉತ್ಸವ ನಡೆಯುತ್ತದೆ. ವರ್ಜೀನಿಯಾದ ನೆಲ್ಸನ್ ಕೌಂಟಿ, ಆರೆಗಾನ್‌ನ ಹುಡ್ ರಿವರ್, ಕ್ಯಾಲಿಫೋರ್ನಿಯಾದ ಜೂಲಿಯನ್ ಇವೂ ಇಂಥವೇ ಬೆಟ್ಟದ ಸೇಬಿನ ಸೀಮೆಗಳು.

ನಾಯಿಯ ವಿಷಯದಲ್ಲಿ ನಿಯಮ ರಾಜ್ಯಕ್ಕೊಂದು, ಊರಿಗೊಂದು. ಅಡುಗೆಮನೆ ಇರುವ ಕಡೆ ಸಾಮಾನ್ಯವಾಗಿ ಹೊರ ಅಂಗಳಕ್ಕಷ್ಟೇ ಬಿಡುತ್ತಾರೆ. ಚೈನು ಗಿಡ್ಡದಾಗಿರಬೇಕು, ಸುಮಾರು ಆರು ಅಡಿ. ಉದ್ದಕ್ಕೆ ಬಿಚ್ಚಿಕೊಳ್ಳುವ ಚೈನನ್ನು ಯಾರೂ ಇಷ್ಟಪಡುವುದಿಲ್ಲ. ಮಲ ಎತ್ತುವ ಚೀಲ ಜೇಬಿನಲ್ಲಿರಲಿ. ಬೇರೆಯವರ ನಾಯಿಯನ್ನು ಕೇಳದೆ ಮುಟ್ಟಬೇಡಿ. ತಲೆ ನರೆತಿದ್ದರೂ ವಯಸ್ಸಿನ ಪುರಾವೆ ಕೇಳಬಹುದು, ಪಾಸ್‌ಪೋರ್ಟ್ ಒಯ್ಯಿರಿ. ‘ಫ್ಲೈಟ್’ ಎಂದು ಕೇಳಿದರೆ ನಾಲ್ಕಾರು ಬಗೆಯನ್ನು ಪುಟ್ಟ ಗ್ಲಾಸುಗಳಲ್ಲಿ ಸಾಲಾಗಿ ಇಟ್ಟು ಕೊಡುತ್ತಾರೆ. ಇಬ್ಬರು ಹಂಚಿಕೊಂಡರೆ ಸಾಕು. ಕುಡಿಯದವರಿಗೆ ತಾಜಾ ರಸ, ಸೈಡರ್ ಡೋನಟ್ ಇರುತ್ತವೆ. ಪೂರ್ವದ ರಾಜ್ಯಗಳ ಹುಲ್ಲಿನಲ್ಲಿ ಲೈಮ್ ಕಾಯಿಲೆ ಹರಡುವ ಉಣ್ಣಿಗಳಿವೆ, ಮನೆಗೆ ಬಂದು ನಾಯಿಯನ್ನಷ್ಟೇ ಅಲ್ಲ, ನಿಮ್ಮ ಕಾಲನ್ನೂ ನೋಡಿಕೊಳ್ಳಿ.

ಆರು ತಿಂಗಳು ಇರುತ್ತೇವೆ. ನಮ್ಮ ಬೆಂಗಳೂರಿನ ನಾಯಿಯನ್ನೂ ಅಮೆರಿಕಕ್ಕೆ ಒಯ್ಯಬಹುದೇ?

ಒಯ್ಯಬಹುದು, ಆದರೆ ತಿಂಗಳುಗಳ ಮೊದಲೇ ಸಿದ್ಧತೆ ಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಭಾರತವನ್ನು ರೇಬೀಸ್ ಅಪಾಯ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿಟ್ಟಿದೆ. 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ನಿಯಮದಂತೆ ನಾಯಿಗೆ ಕನಿಷ್ಠ ಆರು ತಿಂಗಳು ತುಂಬಿರಬೇಕು, ಮೈಕ್ರೊಚಿಪ್ ಇರಬೇಕು, ಆಮದು ಅರ್ಜಿ ತುಂಬಿರಬೇಕು. ಭಾರತದಲ್ಲೇ ಲಸಿಕೆ ಹಾಕಿಸಿದ ನಾಯಿಗೆ ಇದರ ಜೊತೆಗೆ ಸರಕಾರಿ ಪಶುವೈದ್ಯರ ಅನುಮೋದನೆಯಿರುವ ರೇಬೀಸ್ ಪ್ರಮಾಣಪತ್ರ, ಮಾನ್ಯತೆ ಪಡೆದ ಪ್ರಯೋಗಾಲಯದಿಂದ ರಕ್ತದ ಟೈಟರ್ ಪರೀಕ್ಷೆ (ಲಸಿಕೆಯಿಂದ ರೇಬೀಸ್ ನಿರೋಧಕ ಶಕ್ತಿ ಬಂದಿದೆಯೇ ಎಂದು ಅಳೆಯುವುದು), ಇಳಿಯುವ ವಿಮಾನ ನಿಲ್ದಾಣದ ನೋಂದಾಯಿತ ಪ್ರಾಣಿ ಆರೈಕೆ ಕೇಂದ್ರದಲ್ಲಿ ಮುಂಗಡ ಕಾದಿರಿಸುವಿಕೆ ಬೇಕು. ಟೈಟರ್ ಪರೀಕ್ಷೆ ಇಲ್ಲದೆ ಹೋದರೆ 28 ದಿನ ಪ್ರತ್ಯೇಕವಾಗಿ ಇಡುತ್ತಾರೆ, ಖರ್ಚು ನಿಮ್ಮದು. ಅಂಥ ಕೇಂದ್ರಗಳಿರುವ ಕೆಲವೇ ನಿಲ್ದಾಣಗಳಲ್ಲಿ ಇಳಿಯಬೇಕಾದ್ದರಿಂದ ಟಿಕೆಟನ್ನು ಕೊನೆಗೆ ಕೊಳ್ಳಿ, ಮೊದಲು ಮೈಕ್ರೊಚಿಪ್ ಹಾಕಿಸಿ. ಚಿಪ್ ಹಾಕುವ ಮೊದಲು ಕೊಟ್ಟ ರೇಬೀಸ್ ಲಸಿಕೆಯನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.